ಇಪ್ಪತ್ತು ಶಿಲಿಂಗಿನ ವ್ಯಾಜ್ಯ

ಇಂಗ್ಲೆಂಡಿನ ಒಂದನೇ ಚಾರ್ಲ್ಸ್‌ನ ಚರಿತ್ರೆಯನ್ನು ನಾವು ಕೊನೆಯಿಂದ ಹಿಂದಕ್ಕೆ ಓದುವುದೇ ಹೆಚ್ಚು. 1649ರ ಜನವರಿ 30ರಂದು ಅವನ ತಲೆ ಉರುಳಿತೆಂದು ಗೊತ್ತಿರುವುದರಿಂದ ಅವನು ಮೊದಲಿನಿಂದಲೂ ಕಾನೂನು ಮೀರಿದವನೆಂದೂ, ಪಾರ್ಲಿಮೆಂಟು ಪ್ರಜೆಗಳ ಪರ ನಿಂತ ಸಭೆಯೆಂದೂ ಎಣಿಸಿಬಿಡುತ್ತೇವೆ. ದಾಖಲೆಗಳು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1629ರಲ್ಲಿ ಸಭೆಯನ್ನು ವಿಸರ್ಜಿಸಿದ ಅರಸ ಹನ್ನೊಂದು ವರ್ಷ ಅದನ್ನು ಕರೆಯದೆಯೇ ಆಳಿದ. ಸಭೆಯ ಮುಖಂಡರನ್ನು ಕಂಗೆಡಿಸಿದ್ದು ಇದೇ, ತಾವಿಲ್ಲದೆಯೂ ರಾಜ್ಯ ನಡೆದುಹೋದೀತು ಎಂಬ ಭಯ.

ಸಭೆಯ ಒಪ್ಪಿಗೆಯಿಲ್ಲದೆ ಅವನು ಎತ್ತಿದ ಹಡಗು ತೆರಿಗೆಯನ್ನೇ ನೋಡಿ. ಅಪಾಯದ ಕಾಲದಲ್ಲಿ ಕಡಲತಡಿಯ ಊರುಗಳು ಅರಸನಿಗೆ ಹಡಗು ಒದಗಿಸುವುದು ಹಳೆಯ ರೂಢಿ. ಚಾರ್ಲ್ಸ್ 1635ರಲ್ಲಿ ಅದನ್ನು ಸಮುದ್ರ ಕಾಣದ ಒಳನಾಡಿಗೂ ಹೇರಿದ, ಅದೂ ದೇಶ ಶಾಂತಿಯಲ್ಲಿದ್ದಾಗ. ಬಕಿಂಗ್‌ಹ್ಯಾಮ್‌ಷೈರಿನ ಜಮೀನುದಾರ ಜಾನ್ ಹ್ಯಾಂಪ್ಡನ್ ತನ್ನ ಪಾಲಿನ 20 ಶಿಲಿಂಗ್ ಕಟ್ಟಲು ಒಪ್ಪಲಿಲ್ಲ. ಅವನಿಗದು ಚಿಲ್ಲರೆ ಹಣ. 1638ರಲ್ಲಿ 12 ನ್ಯಾಯಾಧೀಶರ ಪೈಕಿ 7 ಮಂದಿ ಅರಸನ ಪರ ತೀರ್ಪಿತ್ತರು. ದೇಶಕ್ಕೆ ಅಪಾಯವಿದೆಯೇ ಎಂದು ನಿರ್ಧರಿಸುವವನು ಅರಸನೇ ಎಂಬುದು ಆ ತೀರ್ಪಿನ ತಿರುಳು. ಹಾಗಾದರೆ ಅಪಾಯ ಎಂದೂ ಮುಗಿಯುವುದಿಲ್ಲ, ಸಭೆ ಕರೆಯುವ ಪ್ರಮೇಯವೂ ಬರುವುದಿಲ್ಲ.

ಜಗಳದ ಮೂಲ ಧರ್ಮವಲ್ಲವೇ ಎಂದು ಕೇಳುವವರಿದ್ದಾರೆ. ನಿಜ, 1637ರಲ್ಲಿ ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರದಿದ್ದರೆ ದಂಗೆ ಏಳುತ್ತಿರಲಿಲ್ಲ. ಆದರೆ ದಂಗೆ ಅರಸನನ್ನು ಸಭೆಯ ಬಾಗಿಲಿಗೆ ತಂದದ್ದು ಹಣದ ದಾರಿಯಿಂದ. ಉತ್ತರ ಇಂಗ್ಲೆಂಡಿನಲ್ಲಿ ಬೀಡುಬಿಟ್ಟ ಸ್ಕಾಟ್ ಸೇನೆಗೆ 1640ರ ಒಪ್ಪಂದದಂತೆ ದಿನಕ್ಕೆ 850 ಪೌಂಡ್ ಕೊಡಬೇಕಿತ್ತು, ಬೊಕ್ಕಸ ಬರಿದಾಗಿತ್ತು. ಸಭೆ ಸಮಯ ನೋಡಿ ಹಿಡಿದ ಪಟ್ಟನ್ನು ಬಿಡಲಿಲ್ಲ. ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ವಿಸರ್ಜಿಸಕೂಡದೆಂಬ ಕಾಯ್ದೆಯನ್ನು 1641ರಲ್ಲಿ ಮಾಡಿಸಿಕೊಂಡಿತು.

ಇನ್ನೊಂದು ಆಕ್ಷೇಪ ಹೆಚ್ಚು ಚುರುಕಾದದ್ದು: ಅರಸನಿಗೂ ಸಭೆಗೂ ಯುದ್ಧ ಶುರುವಾದ ಮೇಲೆ ಇದೇ ಪಾರ್ಲಿಮೆಂಟು 1643ರಲ್ಲಿ ಬಡವನು ಕುಡಿಯುವ ಬಿಯರಿನ ಮೇಲೂ ಅಬಕಾರಿ ಸುಂಕ ಹಾಕಿತಲ್ಲ? ಹೌದು, ಅದರ ಯುದ್ಧಕಾಲದ ತೆರಿಗೆಗಳು ಹಡಗು ತೆರಿಗೆಗಿಂತ ಭಾರವಾಗಿದ್ದವು. ಆ ಬಡವನಿಗೆ ಮತವೂ ಇರಲಿಲ್ಲ. ಹಾಗಾಗಿ ಈ ಜಗಳವನ್ನು ಜನರ ಹೊರೆ ಇಳಿಸುವ ಹೋರಾಟವೆಂದು ಕರೆಯಲು ನನಗೆ ಮನಸ್ಸಿಲ್ಲ. ಹೊರೆ ಹೊರಿಸುವ ಅಧಿಕಾರ ಯಾರದು ಎಂಬುದಷ್ಟೇ ಪ್ರಶ್ನೆಯಾಗಿತ್ತು. ಅದು ಚಾರ್ಲ್ಸ್‌ನ ಸಾವಿನೊಂದಿಗೂ ಇತ್ಯರ್ಥವಾಗಲಿಲ್ಲ. 1685ರಲ್ಲಿ ಅರಸ ಎರಡನೇ ಜೇಮ್ಸ್‌ಗೆ ಜೀವಮಾನವಿಡೀ ಆದಾಯ ಮಂಜೂರು ಮಾಡಿದ ಪಾರ್ಲಿಮೆಂಟನ್ನು ಅವನು ಅದೇ ವರ್ಷದ ನವೆಂಬರ್‌ನಲ್ಲಿ ಮುಂದೂಡಿದ, ಅದು ಮತ್ತೆ ಸೇರಲೇ ಇಲ್ಲ. ಅವನನ್ನು ಓಡಿಸಿದ ಮೇಲೆ ಬಂದ ಅರಸ ವಿಲಿಯಂಗೆ 1690ರಲ್ಲಿ ಆಮದು ರಫ್ತಿನ ಸುಂಕ ಸಿಕ್ಕಿದ್ದು ನಾಲ್ಕೇ ವರ್ಷಕ್ಕೆ.