ಕಚೇರಿಯೂ ಕ್ಯಾಂಟೀನೂ

(ವಡಪಳನಿಯಲ್ಲಿ ನಡೆದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಧನುರ್ಮಾಸ ಹತ್ತಿರ ಬಂತು. ನಮ್ಮ ಊರುಗಳಲ್ಲಾದರೆ ಧನುರ್ಮಾಸವೆಂದರೆ ಬೆಳಗಿನ ಜಾವದ ಪೂಜೆ, ಆಮೇಲೆ ಬಿಸಿಬಿಸಿ ಹುಗ್ಗಿ. ಈ ಚೆನ್ನೈಯಲ್ಲಿ ಅದಕ್ಕೆ ಮಾರ್ಗಳಿ ಎನ್ನುತ್ತಾರೆ. ಮಾರ್ಗಳಿಯೆಂದರೆ ಸಂಗೀತ. ಡಿಸೆಂಬರ್ ನಡುವಿನಿಂದ ಹೊಸ ವರ್ಷದ ಮೊದಲ ದಿನಗಳವರೆಗೆ ಮೈಲಾಪುರ, ತ್ಯಾಗರಾಯನಗರ, ತಿರುವಲ್ಲಿಕ್ಕೇಣಿ, ಎಲ್ಲಿ ನೋಡಿದರೂ ಸಭೆಗಳು, ಸಭೆಗಳಲ್ಲಿ ಹಾಡುಗಾರಿಕೆ, ವೀಣೆ, ಪಿಟೀಲು, ಭರತನಾಟ್ಯ, ಹರಿಕಥೆ, ನಾಟಕ. ಇದಕ್ಕೆ ಊರವರೆಲ್ಲ 'ಸೀಸನ್' ಎಂದು ಹೆಸರಿಟ್ಟಿದ್ದಾರೆ.

ನಾವೂ ಸೀಸನ್ ಎಂದೇ ಕರೆಯುತ್ತೇವೆ. ಆದರೆ ನಮ್ಮ ಬಾಯಲ್ಲಿ ಆ ಮಾತಿನ ಅರ್ಥ ಬೇರೆ. ಹೆಚ್ಚು ಅಕ್ಕಿ ನೆನೆಹಾಕುವ ಕಾಲ, ಹೆಚ್ಚು ಹಿಟ್ಟು ರುಬ್ಬುವ ಕಾಲ, ರಜೆ ಕೇಳಿದರೆ "ಸೀಸನ್ ಮುಗಿಯಲಿ" ಎಂಬ ಉತ್ತರ ಸಿಗುವ ಕಾಲ. ಇದು ಒಬ್ಬ ಮಾಲಿಕರ ಮಾತಲ್ಲ. ಎಲ್ಲ ಕಡೆಯ ವಾಡಿಕೆ. ಈ ಸೀಸನ್ನಿನಲ್ಲಿ ನಮಗೂ ಒಂದು ಕುರ್ಚಿ ಉಂಟು. ಆ ಕುರ್ಚಿಯಲ್ಲಿ ಮೂರು ಗಂಟೆ ಕೂರುವ ಬಿಡುವನ್ನು ನಾವು ಕೇಳಿ ಪಡೆಯಬೇಕು. ಈ ಹೊತ್ತು ನಾವು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಈ ಸೀಸನ್ ಹುಟ್ಟಿದ್ದು ಹೇಗೆಂದು ನೋಡೋಣ. 1927ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಮಹಾಧಿವೇಶನ ಮದರಾಸಿನಲ್ಲಿ ಸೇರಿತು. ಅದರ ಜೊತೆಗೇ ಅಖಿಲ ಭಾರತ ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಂದರೆ, ದೇಶದ ಬಿಡುಗಡೆಗಾಗಿ ಜನ ಸೇರಿದ ಚಪ್ಪರದ ಪಕ್ಕದಲ್ಲೇ ಈ ಸಂಗೀತದ ಹಬ್ಬವೂ ಮೊಳೆಯಿತು ಎಂದಾಯಿತು. ಅದಕ್ಕೆ ಮುಂಚೆಯೇ, 1900ರಲ್ಲಿ, ತಿರುವಲ್ಲಿಕ್ಕೇಣಿಯಲ್ಲಿ ಪಾರ್ಥಸಾರಥಿ ಸ್ವಾಮಿ ಸಭೆ ಇತ್ತು. ಆಮೇಲೆ ಒಂದೊಂದಾಗಿ ಸಭೆಗಳು ಬೆಳೆದವು. ಹೀಗೆ ಬೆಳೆದು, 2017ರಲ್ಲಿ ಯುನೆಸ್ಕೋ ಸಂಸ್ಥೆಯು ಚೆನ್ನೈಯನ್ನು ಲೋಕದ ಸಂಗೀತ ನಗರಗಳ ಪಟ್ಟಿಗೆ ಸೇರಿಸಿತು.

ಅಕಾಡೆಮಿಯ ಈಗಿನ ದೊಡ್ಡ ಸಭಾಂಗಣ ತೆರೆದದ್ದು 1962ರಲ್ಲಿ. ಅದೇ 1962ರಲ್ಲಿ, ಅದೇ ಕೆಥೀಡ್ರಲ್ ರಸ್ತೆಯಲ್ಲಿ ಕಡಂದಲೆ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟಲನ್ನು ತೆರೆದರು. ನಮ್ಮಂತೆಯೇ ಕೈಯಲ್ಲಿ ಕಾಸಿಲ್ಲದೆ ಬಂದು, ಕೆಲಸದವರಾಗಿ ದುಡಿದು ಮೇಲೆ ಬಂದವರು ಅವರು. ಹಾಡುವವರೂ ಕೇಳುವವರೂ ಅಲ್ಲಿ ಕಾಫಿ ಕುಡಿದರು. ರಾಜಕುಮಾರರ ಹಾಡಿಗೆ ದನಿಯಾಗಿದ್ದ ಪಿ. ಬಿ. ಶ್ರೀನಿವಾಸ್ ಅವರು ಆ ಮರಗಳ ನೆರಳಿನಲ್ಲಿ ಕುಳಿತು ಪದ್ಯ ಬರೆಯುತ್ತಿದ್ದುದು ಊರಿಗೆಲ್ಲ ಗೊತ್ತು. 2008ರಲ್ಲಿ ಆ ಹೋಟಲು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಸಂಗೀತಕ್ಕೂ ನಮ್ಮ ಕಸುಬಿಗೂ ಈ ಊರಿನಲ್ಲಿ ಎಷ್ಟು ಹಳೆಯ ನೆರೆಹೊರೆಯಿದೆ ಎಂಬುದಕ್ಕೆ ಈ ಮಾತನ್ನು ಹೇಳಿದೆವು.

"ಅದು ದೊಡ್ಡವರ ಸಂಗೀತ, ತಮಿಳರ, ತೆಲುಗರ ಸಂಗೀತ, ನಮಗೇನು ತಿಳಿಯುತ್ತದೆ?" ಎಂದು ನಮ್ಮ ಹುಡುಗರು ಕೇಳುವುದುಂಟು. ಇದಕ್ಕೆ ಉತ್ತರ ಕೊಡಬೇಕು.

ಮೈಲಾಪುರದ ಒಂದು ಮಗು ಸಂಗೀತ ಕಲಿಯಲು ಕೂತರೆ, ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಯಿಂದ ಶುರುಮಾಡಬೇಕು. ಆ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದೇ ಸಂಗೀತಗಾರರೆಲ್ಲ ಹೇಳುತ್ತಾರೆ. ಆಮೇಲೆ ಕಲಿಯುವುದು ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಅವೂ ದಾಸರವೇ. ತ್ಯಾಗರಾಜರೇ ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ಪುರಂದರದಾಸರಿಗೆ ನಮಸ್ಕಾರ ಮಾಡಿದ್ದಾರೆ. ತಾಯಿ ಲಲಿತಾಂಗಿಯವರಿಂದ ದಾಸರ ಪದಗಳನ್ನು ಪಡೆದ ಎಂ. ಎಲ್. ವಸಂತಕುಮಾರಿಯವರು ಅವುಗಳನ್ನು ಕಚೇರಿ ಕಚೇರಿಯಲ್ಲಿ ಹಾಡಿ ತಮಿಳು ಮನೆಗಳಿಗೆ ಮುಟ್ಟಿಸಿದರು. ಯಮುನಾ ಕಲ್ಯಾಣಿ ರಾಗದಲ್ಲಿ ಹಾಡುವ, ಕೃಷ್ಣನನ್ನು ಕರೆಯುವ ವ್ಯಾಸರಾಯರ ಪದಕ್ಕೆ ಬಾಲಸರಸ್ವತಿಯವರು ಅಭಿನಯ ಮಾಡಿದರೆ ಕನ್ನಡ ಬಾರದವರ ಕಣ್ಣಲ್ಲೂ ನೀರು ಬರುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಉಡುಪಿಯಿಂದ ಬಂದ ನಮಗೆ ಆ ಕೃಷ್ಣ ಪರಕೀಯನೇ?

ನಮ್ಮ ನಾಡಿನ ಕಲಾವಿದರೇನು ಇಲ್ಲಿ ಕಡಿಮೆಯೇ? ತಿರುಮಕೂಡಲಿನ ಚೌಡಯ್ಯನವರು 1957ರಲ್ಲಿ ಅಕಾಡೆಮಿಯ ಸಂಗೀತ ಕಲಾನಿಧಿಯಾದರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ಮುಟ್ಟುವುದಿಲ್ಲವೆಂದು ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿಕೊಂಡರು. ಹಿಂದಿನ ಸಾಲು ಎಂದರೆ ಯಾರದು, ಬಂಧುಗಳೇ? ಅಗ್ಗದ ಚೀಟಿಯವರದು. ಅವರಿಗೂ ಕೇಳಿಸಬೇಕೆಂದು ಆ ಮಹನೀಯರು ವಾದ್ಯವನ್ನೇ ಬದಲಿಸಿದರು. ವೀಣೆಯ ದೊರೆಸ್ವಾಮಿ ಅಯ್ಯಂಗಾರರು 1984ರಲ್ಲಿ, ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ ಅವರು 1995ರಲ್ಲಿ ಅದೇ ಗೌರವ ಪಡೆದರು. ಮೈಸೂರು ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ರುಕ್ಮಿಣೀದೇವಿಯವರ ಕಲಾಕ್ಷೇತ್ರಕ್ಕೆ ಬಂದು ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಿದರು.

ತಿಳುವಳಿಕೆಯ ಮಾತಿಗೆ ಬಂದರೆ, ನಮ್ಮಲ್ಲಿ ಕರಾವಳಿಯವರು ಬಹಳ. ನಮ್ಮಲ್ಲೂ ಒಂದು ಸೀಸನ್ ಇಲ್ಲವೇ? ದೀಪಾವಳಿ ಕಳೆದು ಮೇಳ ತಿರುಗಾಟ ಹೊರಟರೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರೂರಿನಲ್ಲಿ ಬಯಲಾಟ. ಹರಕೆಯ ಆಟಕ್ಕೆ ಚೀಟಿಯಿಲ್ಲ. ಗದ್ದೆಯಲ್ಲಿ ಚಾಪೆ ಹಾಸಿ ಕೂತ ಕೂಲಿಯವನು ಭಾಗವತರ ತಾಳ ಒಂದಿಷ್ಟು ಹೆಚ್ಚುಕಮ್ಮಿಯಾದರೆ ತಲೆ ಎತ್ತಿ ನೋಡುತ್ತಾನೆ. ಚೆಂಡೆಯ ಪೆಟ್ಟು ಸರಿಯಾಗಿ ಬಿದ್ದರೆ ಭೇಷ್ ಎನ್ನುತ್ತಾನೆ. ಅವನಿಗೆ ಶಾಸ್ತ್ರ ಹೇಳಿಕೊಟ್ಟವರು ಯಾರು? ವರ್ಷವರ್ಷ ಕೂತು ಕೇಳಿದ್ದೇ ಅವನ ಶಾಲೆ. ಕೂತರೆ ತಿಳಿಯುತ್ತದೆ, ಕೂರಲು ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಕಚೇರಿ ಹೇಗೆ ನಡೆಯುತ್ತದೆ ಎಂಬುದನ್ನು ಸಭೆಯ ಕ್ಯಾಂಟೀನಿನಲ್ಲಿ ದುಡಿದವರು ಗಡಿಯಾರವಿಲ್ಲದೆ ಹೇಳಬಲ್ಲರು. ಈಗಿನ ಕಚೇರಿಯ ಪದ್ಧತಿಯನ್ನು ಕಟ್ಟಿಕೊಟ್ಟವರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರು. ಮೊದಲು ವರ್ಣ, ಆಮೇಲೆ ಕೃತಿಗಳು, ನಡುವೆ ವಿಸ್ತಾರವಾದ ಒಂದು ದೊಡ್ಡ ರಾಗ, ಅದರ ತುದಿಗೆ ಮೃದಂಗದವರ ತನಿ ಆವರ್ತನ. ಕೊನೆಗೆ ಸಣ್ಣಸಣ್ಣ ಹಾಡುಗಳು. ತನಿ ಶುರುವಾಯಿತೆಂದರೆ ಹಲವರು ಎದ್ದು ಕ್ಯಾಂಟೀನಿಗೆ ಬರುತ್ತಾರೆ. ಒಳಗೆ ಮೃದಂಗ ನುಡಿಯುತ್ತಿರುತ್ತದೆ, ಹೊರಗೆ ದೋಸೆಕಲ್ಲು ಸುಂಯ್ ಎನ್ನುತ್ತಿರುತ್ತದೆ. ಮೃದಂಗದವರಿಗೂ ನಮಗೂ ಏಕಕಾಲಕ್ಕೆ ಕೈತುಂಬ ಕೆಲಸ! ತನಿ ಮುಗಿದ ಮೇಲೆ ಬರುವ ಸಣ್ಣ ಹಾಡುಗಳಲ್ಲಿ ನಮ್ಮ ದೇವರನಾಮವೂ ಸೇರಿದೆ. ಅಂದರೆ, ಒಳಗೆ ಕನ್ನಡ ಹಾಡುವ ಹೊತ್ತಿನಲ್ಲಿ ಅರ್ಧ ಜನ ಹೊರಟುಹೋಗಿರುತ್ತಾರೆ. ಆ ಕನ್ನಡದ ಪ್ರತಿ ಮಾತೂ ತಿಳಿಯುವ ಹುಡುಗ ಗೋಡೆಯ ಆಚೆ ತಟ್ಟೆ ತೊಳೆಯುತ್ತಿರುತ್ತಾನೆ.

ಮಧ್ಯಾಹ್ನದ ಹೊತ್ತಿನಲ್ಲಿ ಕಿರಿಯ ಕಲಾವಿದರು ಹಾಡುವ ಕಚೇರಿಗಳಿಗೆ ಅನೇಕ ಸಭೆಗಳಲ್ಲಿ ಚೀಟಿಯೇ ಬೇಕಿಲ್ಲ. ಬಡವನಿಗೆ ತೆರೆದ ಬಾಗಿಲು ಅದೊಂದೇ. ಆದರೆ ಅದು ಎಲೆ ಹಾಕುವ ಹೊತ್ತು, ಊಟದ ನೂಕುನುಗ್ಗಲಿನ ಹೊತ್ತು. ಸಂಜೆ ನಮಗೆ ಬಿಡುವಾದರೆ ಚೀಟಿಗೆ ಹಣ ಬೇಕು. ಚೀಟಿಯಿಲ್ಲದ ಹೊತ್ತಿನಲ್ಲಿ ಬಿಡುವಿಲ್ಲ. ಬಾಗಿಲಿಗೆ ಯಾರೂ ಬೀಗ ಹಾಕಿಲ್ಲ, ಗಡಿಯಾರವೇ ಬೀಗವಾಗಿದೆ.

ಉಡುಪಿಯಲ್ಲಿ ಕನಕದಾಸರನ್ನು ಒಳಗೆ ಬಿಡದಿದ್ದಾಗ ದೇವರೇ ತಿರುಗಿ ನಿಂತು ಕಿಂಡಿಯಲ್ಲಿ ದರ್ಶನ ಕೊಟ್ಟನೆಂಬ ಕಥೆ ನಮಗೆಲ್ಲ ಗೊತ್ತು. ಕ್ಯಾಂಟೀನಿನ ಕಿಟಕಿಯಲ್ಲಿ ತೇಲಿಬರುವ ಹಾಡೇ ನಮ್ಮ ಕನಕನ ಕಿಂಡಿಯೆಂದು ತೃಪ್ತಿಪಡುವವರಿದ್ದಾರೆ. ಕನಕದಾಸರ ಭಕ್ತಿ ದೊಡ್ಡದು, ಅದಕ್ಕೆ ದೇವರು ತಿರುಗಿದ. ಆದರೆ ಕೆಲಸದ ವೇಳಾಪಟ್ಟಿ ಭಕ್ತಿಗೆ ತಿರುಗುವುದಿಲ್ಲ. ಒಗ್ಗಟ್ಟಿಗೆ ಮಾತ್ರ ತಿರುಗುತ್ತದೆ.

"ಸಂಬಳದ ಮಾತು ಬಿಟ್ಟು ಸಂಗೀತದ ಮಾತೇಕೆ?" ಎಂದು ಕೆಲವರು ಆಕ್ಷೇಪಿಸಬಹುದು. ಸಂಬಳದ ಮಾತನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ 1958ರಲ್ಲಿ ಮದರಾಸು ರಾಜ್ಯದಲ್ಲಿ ಹೋಟಲು ಕಾರ್ಮಿಕರಿಗಾಗಿಯೇ ಒಂದು ಕಾಯಿದೆ ಆಯಿತು. ದುಡಿಮೆಯ ಗಂಟೆಗೆ ಮಿತಿ, ವಾರಕ್ಕೊಂದು ರಜೆ ಎಂದು ಅದರಲ್ಲಿ ಬರೆಯಲಾಯಿತು. 2021ರಲ್ಲಿ ತಮಿಳುನಾಡು ವಿಧಾನಸಭೆ, ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಕೂರಲು ಆಸನ ಇಡಬೇಕೆಂದು ಕಾನೂನನ್ನು ತಿದ್ದಿತು. ಮನುಷ್ಯನಿಗೆ ಕೂರುವ ಹಕ್ಕಿದೆ ಎಂಬುದನ್ನು ಕಾನೂನಿನಲ್ಲಿ ಬರೆಯಬೇಕಾಯಿತು ನೋಡಿ! ಹಿಂದಿನವರು ಹೋರಾಡಿ ರಜೆ ಎಂಬುದನ್ನು ಗಳಿಸಿಕೊಟ್ಟದ್ದು ಬರೀ ಬಟ್ಟೆ ಒಗೆದು ಮಲಗುವುದಕ್ಕಲ್ಲ. ಮನುಷ್ಯನಾಗಿ ಒಂದಿಷ್ಟು ಹೊತ್ತು ಬದುಕುವುದಕ್ಕೆ. ಕಚೇರಿ ಕೇಳುವುದೆಂದರೆ, ಮೊದಲು ಕೂರುವುದು.

ಸಂಗೀತಗಾರರನ್ನೂ ನಾವು ಬೇರೆ ಜಾತಿಯವರೆಂದು ತಿಳಿಯಬಾರದು. ನಮ್ಮ ಈ ವಡಪಳನಿಯನ್ನೇ ನೋಡಿ. 1948ರಲ್ಲಿ ಎವಿಎಂ ಸ್ಟುಡಿಯೋ ಇಲ್ಲಿಗೆ ಬಂತು. ವಿಜಯಾ-ವಾಹಿನಿ ಸ್ಟುಡಿಯೋಗಳು ಇಲ್ಲೇ ಇದ್ದವು. ಗುಬ್ಬಿ ಕಂಪೆನಿಯ ನಾಟಕಗಳಲ್ಲಿ ಪಳಗಿದ ರಾಜಕುಮಾರರು 1954ರ 'ಬೇಡರ ಕಣ್ಣಪ್ಪ'ದಿಂದ ನಾಯಕರಾಗಿ, ಈ ಊರಿನಲ್ಲೇ ವರ್ಷಗಟ್ಟಲೆ ಇದ್ದರು. ಸಿನಿಮಾ ವಾದ್ಯಗಾರರಿಗೆ ಹೊತ್ತಿಲ್ಲದ ದುಡಿಮೆ, ಸರಿಯಾಗಿ ಕೈಸೇರದ ಕೂಲಿ ಇದ್ದ ಕಾಲದಲ್ಲಿ ಸಂಗೀತ ನಿರ್ದೇಶಕ ಎಂ. ಬಿ. ಶ್ರೀನಿವಾಸನ್ ಅವರು ಅವರನ್ನೆಲ್ಲ ಸೇರಿಸಿ ಸಂಘ ಕಟ್ಟಿದರು. ಪಿಟೀಲು ಹಿಡಿದ ಕೈಯೂ ಸೌಟು ಹಿಡಿದ ಕೈಯೂ ದುಡಿಯುವ ಕೈಗಳೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಟ ಚಿತ್ತೂರು ನಾಗಯ್ಯನವರು ಸಿನಿಮಾದಲ್ಲಿ ಹೆಸರು ಮಾಡಿ, ತ್ಯಾಗರಾಯನಗರದಲ್ಲಿ ತ್ಯಾಗಬ್ರಹ್ಮ ಗಾನ ಸಭೆಯನ್ನು ಕಟ್ಟಿದರು. ವಾಣಿ ಮಹಲ್ ಎಂದರೆ ಇಂದೂ ಎಲ್ಲರಿಗೆ ಗೊತ್ತು. 2015ರಲ್ಲಿ ಗಾಯಕ ಟಿ. ಎಂ. ಕೃಷ್ಣ ಮತ್ತು ಅವರ ಗೆಳೆಯರು ಬೆಸಂಟ್ ನಗರದ ಪಕ್ಕದ ಊರೂರ್ ಆಲ್ಕಾಟ್ ಕುಪ್ಪಂ ಎಂಬ ಬೆಸ್ತರ ಕೇರಿಗೇ ಕಚೇರಿಯನ್ನು ತೆಗೆದುಕೊಂಡು ಹೋದರು. ಬೆಸ್ತರ ಕೇರಿಗೆ ಬಂದ ಸಂಗೀತ ಹೋಟಲು ಕಾರ್ಮಿಕರಿಗೆ ದೂರವೇ?

ಆದುದರಿಂದ ಸಂಘದ ಕಾರ್ಯಸಮಿತಿಯ ಪರವಾಗಿ ಮೂರು ಸಲಹೆಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ಪ್ರತಿ ಹೋಟಲಿನ ನಮ್ಮ ಸದಸ್ಯರು ಈಗಲೇ ಕೂತು ಸರದಿಯ ಪಟ್ಟಿ ಮಾಡಿಕೊಳ್ಳಬೇಕು. ಸೀಸನ್ನಿನಲ್ಲಿ ಒಬ್ಬೊಬ್ಬನಿಗೂ ಒಂದು ಮಧ್ಯಾಹ್ನವಾದರೂ ಬಿಡುವು; ಅವನ ಕೆಲಸವನ್ನು ಉಳಿದವರು ಹಂಚಿಕೊಳ್ಳುವುದು. ಮಾಲಿಕರಿಗೆ ಪಟ್ಟಿಯನ್ನು ಮೊದಲೇ ತೋರಿಸೋಣ. ಗಿರಾಕಿಗೆ ತೊಂದರೆಯಾಗದಂತೆ ನಡೆದುಕೊಂಡರೆ ಬೇಡವೆನ್ನಲು ಅವರಿಗೆ ಕಾರಣವಿರುವುದಿಲ್ಲ. ವಾರದ ರಜೆ ಸೀಸನ್ನಿನಲ್ಲೂ ರಜೆಯೇ ಎಂಬುದನ್ನು ಮಾತ್ರ ಬಿಟ್ಟುಕೊಡಬಾರದು.

ಎರಡನೆಯದು, ಸಭೆಗಳ ಕ್ಯಾಂಟೀನಿಗೆ ದಿನಗೂಲಿಗೆ ಹೋಗುವವರು ಒಪ್ಪಿಕೊಳ್ಳುವ ಮೊದಲೇ ಗಂಟೆಯ ಮಾತು ಆಡಬೇಕು. ತನಿಯ ನೂಕುನುಗ್ಗಲು ಇಳಿದ ಮೇಲೆ ಇಬ್ಬಿಬ್ಬರಾಗಿ ಒಳಗೆ ಹೋಗಿ ದೇವರನಾಮ ಕೇಳಿ ಬರಲು ಬಿಡಬೇಕೆಂದು ಕೇಳಬೇಕು. ಸಭೆಯವರನ್ನೂ ಕಂಡು ವಿನಯದಿಂದ ಹೇಳೋಣ. ಪತ್ರಿಕೆಗಳು ಕಚೇರಿಯ ವಿಮರ್ಶೆಯ ಜೊತೆಗೆ ಕ್ಯಾಂಟೀನಿನ ಇಡ್ಲಿಯ ವಿಮರ್ಶೆಯನ್ನೂ ಬರೆಯುವ ಊರು ಇದು. ಇಡ್ಲಿಗೆ ಸಲ್ಲುವ ಗೌರವ ಇಡ್ಲಿ ಬೇಯಿಸಿದವನಿಗೂ ಸಲ್ಲಲಿ.

ಮೂರನೆಯದು, ಹೊಸದಾಗಿ ಬಂದ ಹುಡುಗರನ್ನು ಒಬ್ಬೊಬ್ಬರನ್ನೇ ಕಳುಹಿಸಬೇಡಿ. ದೊಡ್ಡ ಬಾಗಿಲು ಕಂಡರೆ ಅವರು ಹಿಂದೆ ಸರಿಯುತ್ತಾರೆ. ಹಳಬರು ಜೊತೆಯಲ್ಲಿ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂಗೀತವೇ ಆಗಬೇಕೆಂದಿಲ್ಲ, ಜನವರಿಯ ನೃತ್ಯೋತ್ಸವವಾಗಲಿ, ನಾಟಕವಾಗಲಿ, ಅವರಿಗೆ ಇಷ್ಟವಾದುದನ್ನು ನೋಡಲಿ. ವಡಪಳನಿಯಿಂದ ತ್ಯಾಗರಾಯನಗರ ದೂರವೇನಲ್ಲ. ಕೃಷ್ಣ ಗಾನ ಸಭೆ, ವಾಣಿ ಮಹಲ್ ಎರಡೂ ಅಲ್ಲೇ ಇವೆ.

ಒಳಗೆ ಹೋದಾಗ ಅಂಜಬೇಡಿ. ಪಕ್ಕದವರು ತಾಳ ಹಾಕಿದರೆ ನೀವೂ ಹಾಕಿ. ತಪ್ಪಿದರೆ ಯಾರೂ ಸಂಬಳ ಹಿಡಿಯುವುದಿಲ್ಲ. ದಾಸರ ಪದ ಬಂದಾಗ ಪಕ್ಕದಲ್ಲಿ ಕೂತ ತಮಿಳು ಹಿರಿಯರು ಅರ್ಥ ಕೇಳಿದರೆ ಹೇಳಿಕೊಡಿ. ಇಷ್ಟು ದಿನ ಅವರಿಗೆ ನಾವು ಕಾಫಿ ಕೊಟ್ಟಿದ್ದೇವೆ. ಆ ದಿನ ಒಂದು ಮಾತಿನ ಅರ್ಥ ಕೊಡೋಣ.

ಸರದಿಯ ಪಟ್ಟಿಯ ಹಾಳೆ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಹೆಸರು ಬರೆದೇ ಹೊರಡಬೇಕೆಂದು ಬೇಡಿಕೊಂಡು ಮಾತು ಮುಗಿಸುತ್ತೇವೆ.