ಗೋಮುಖದ ಪ್ಲ್ಯಾನ್: ವಾಪಸ್ ಬರೋದನ್ನ ಮೊದಲು ಬರ್ಕೊಳ್ಳಿ

ನಾನು ಧಾರವಾಡದೋಳು, ಇಪ್ಪತ್ತೆರಡು ವರ್ಷದಿಂದ ಪುಣೆಯಲ್ಲಿದೀನಿ. ಇಲ್ಲಿನ ನಮ್ಮ ಕನ್ನಡ ಬಳಗದಿಂದ ಆಗಾಗ ಹಿಮಾಲಯಕ್ಕೆ ಹೋಗ್ತೀವಿ. ಅದರ ಟಿಕೆಟ್ಟು, ಪರ್ಮಿಟ್ಟು, ಲೆಕ್ಕಪತ್ರ ನೋಡ್ಕೊಳ್ಳೋ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಏಪ್ರಿಲ್ ಬಂತು ಅಂದ್ರೆ ಫೋನ್ ಶುರು. ಗೋಮುಖಕ್ಕೆ ಎಷ್ಟು ದಿನ ಬೇಕು, ಎಷ್ಟು ಖರ್ಚಾಗುತ್ತೆ, ಯಾವ ಬೂಟು ತಗೋಬೇಕು, ಎಲ್ಲಾ ಕೇಳ್ತಾರೆ. ಯಾರೂ ಕೇಳದೇ ಇರೋ ಪ್ರಶ್ನೆ ಒಂದಿದೆ: ಏನಾದ್ರೆ ನಾವು ಅರ್ಧದಿಂದ ವಾಪಸ್ ಬರಬೇಕು? ಇವತ್ತು ಅದನ್ನೇ ಮಾತಾಡೋಣ.

ಮೊದಲು ಜಾಗದ ಪರಿಚಯ. ಗಂಗೋತ್ರಿ ಹಿಮನದಿ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿದೆ. ಉದ್ದ ಸುಮಾರು 30 ಕಿಲೋಮೀಟರ್. ಅದರ ತುದಿಯಲ್ಲಿ, ಮಂಜುಗಡ್ಡೆಯ ಬಾಯಿಂದ ಭಾಗೀರಥಿ ಹೊರಗೆ ಬರ್ತಾಳಲ್ಲ, ಆ ಜಾಗವೇ ಗೋಮುಖ. ಫೋಟೋ ನೋಡಿ ಬೆಳ್ಳಗೆ ಹೊಳೀತಿರುತ್ತೆ ಅಂದ್ಕೊಂಡು ಹೋದೋರಿಗೆ ಮೊದಲ ಸಲ ನಿರಾಸೆ ಆಗಬಹುದು. ಮೇಲೆಲ್ಲಾ ಕಲ್ಲು, ಮಣ್ಣು, ಧೂಳು. ಬೂದುಬಣ್ಣದ ಗೋಡೆ ಥರ ಕಾಣುತ್ತೆ. ಹತ್ತಿರದಿಂದ ನೋಡಿದ್ರೆ ಬಿರುಕುಗಳಲ್ಲಿ ನೀಲಿ ಮಂಜುಗಡ್ಡೆ.

ಗಂಗೋತ್ರಿ ದೇವಸ್ಥಾನದ ತನಕ ವಾಹನ ಹೋಗುತ್ತೆ. ಅಲ್ಲಿಂದ ನಡಿಗೆ. ಚೀಡ್‌ಬಾಸಾ 9 ಕಿಲೋಮೀಟರ್, ಭೋಜಬಾಸಾ 14, ಗೋಮುಖ 18. ಏರು ಬಹಳ ಕಡಿದಾಗಿಲ್ಲ. ಸಿಂಹಗಡ ವಾರವಾರ ಹತ್ತೋರಿಗೆ "ಇಷ್ಟೇನಾ" ಅನ್ಸುತ್ತೆ. ಮೋಸ ಇರೋದು ಅಲ್ಲೇ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಗಂಗೋತ್ರಿಯಲ್ಲಿ ಗಾಡಿಯಿಂದ ಇಳಿಯೋವಾಗಲೇ ನೀವು 3,000 ಮೀಟರ್ ದಾಟಿರ್ತೀರಿ. ಭೋಜಬಾಸಾ ಸುಮಾರು 3,800, ಗೋಮುಖ ಸುಮಾರು 4,000. ಅಷ್ಟು ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗೋದರ ನೂರಕ್ಕೆ ಅರವತ್ತರಷ್ಟು. ಕಾಲು ಗಟ್ಟಿ ಇದ್ದರೆ ಸಾಲಲ್ಲ. ಮ್ಯಾರಥಾನ್ ಓಡೋ ಹುಡುಗನಿಗೂ ತಲೆನೋವು, ವಾಂತಿ ಬರಬಹುದು. ಪಕ್ಕದಲ್ಲಿರೋ ಅರವತ್ತರ ಅಜ್ಜ ಆರಾಮಾಗಿ ಚಹಾ ಕುಡೀತಿರಬಹುದು. ಯಾರಿಗೆ ಆಗುತ್ತೆ ಅಂತ ಪುಣೆಯಲ್ಲಿ ಕೂತು ಹೇಳೋಕೆ ಬರಲ್ಲ.

ಅದಕ್ಕೇ ಪ್ಲ್ಯಾನ್ ಅಂದ್ರೆ ಮೊದಲು ರಾತ್ರಿಗಳ ಲೆಕ್ಕ. ಹಗಲು ಎಷ್ಟು ಎತ್ತರ ಹೋದ್ರಿ ಅನ್ನೋದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದ್ರಿ ಅನ್ನೋದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತ ವೈದ್ಯರು ಹೇಳ್ತಾರೆ. ಗಂಗೋತ್ರಿಯಿಂದ ಭೋಜಬಾಸಾಗೆ ಒಂದೇ ದಿನ ಸುಮಾರು 700 ಮೀಟರ್ ಏರ್ತೀವಿ. ಆ ಸಾಲವನ್ನ ಮೊದಲೇ ತೀರಿಸಬೇಕು. ಹಾಗಾಗಿ ನಾವು ಹಾಕೋ ಲೆಕ್ಕ ಹೀಗೆ: ಉತ್ತರಕಾಶಿಯಲ್ಲಿ ಒಂದು ರಾತ್ರಿ, ಹರ್ಸಿಲ್‌ನಲ್ಲಿ ಒಂದು ರಾತ್ರಿ, ಗಂಗೋತ್ರಿಯಲ್ಲಿ ಎರಡು ರಾತ್ರಿ. ಆಮೇಲೆ ಭೋಜಬಾಸಾ. ಮರುದಿನ ಬೆಳಗ್ಗೆ ಗೋಮುಖ ನೋಡಿ ಇಳಿಯೋದು. ಇದರ ಮೇಲೆ ಎರಡು ದಿನ ಖಾಲಿ. ಆ ಖಾಲಿ ದಿನಗಳನ್ನ ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. "ರಜೆ ಐದೇ ದಿನ ಸಿಕ್ಕಿದೆ" ಅಂತೀರಾ? ಗಂಗೋತ್ರಿ ತನಕ ಹೋಗಿ ಬನ್ನಿ, ಗೋಮುಖ ಇನ್ನೊಂದು ವರ್ಷ ಇಟ್ಕೊಳ್ಳಿ.

ಆ ಖಾಲಿ ದಿನ ಯಾಕೆ ಬೇಕು? ದಾರಿ ನಿಮ್ಮ ಕೈಯಲ್ಲಿಲ್ಲ. 2025ರ ಆಗಸ್ಟ್ 5ರಂದು ಇದೇ ಗಂಗೋತ್ರಿ ರಸ್ತೆಯಲ್ಲಿರೋ ಧರಾಲಿ ಹಳ್ಳಿಯ ಮೇಲೆ ಪ್ರವಾಹ ನುಗ್ಗಿದ್ದು ನೀವೆಲ್ಲಾ ಟಿವಿಯಲ್ಲಿ ನೋಡಿದೀರಿ. ರಸ್ತೆ ಕಡಿದು, ಜನರನ್ನ ಹೆಲಿಕಾಪ್ಟರ್‌ನಲ್ಲಿ ಕರ್ಕೊಂಡು ಬರಬೇಕಾಯ್ತು. ಜುಲೈ, ಆಗಸ್ಟ್ ಬೇಡವೇ ಬೇಡ. ಮೇ ಮಧ್ಯದಿಂದ ಜೂನ್ ಶುರುವಿನ ತನಕ, ಇಲ್ಲಾಂದ್ರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಹಾಗಂತ ಒಳ್ಳೆ ತಿಂಗಳು ಅಂದ್ರೆ ಗ್ಯಾರಂಟಿ ಅಲ್ಲ. 2024ರ ಜೂನ್ ಮೊದಲ ವಾರ, ಅದೇ ಉತ್ತರಕಾಶಿ ಭಾಗದ ಸಹಸ್ರತಾಲ್‌ಗೆ ಹೆಚ್ಚಾಗಿ ಕರ್ನಾಟಕದವರೇ ಇದ್ದ 22 ಜನರ ತಂಡ ಹೋಗಿತ್ತು. ಹವಾಮಾನ ಕೆಟ್ಟು 9 ಜನ ತೀರ್ಕೊಂಡ್ರು. ಅವರಲ್ಲಿ ಬೆಟ್ಟ ಹತ್ತಿ ಪಳಗಿದೋರೂ ಇದ್ದರು. ಅವರ ಮೇಲೆ ತಪ್ಪು ಹೊರಿಸೋಕೆ ಇದನ್ನ ಹೇಳ್ತಿಲ್ಲ. ಅನುಭವ ಇದ್ದೋರಿಗೂ ಬೆಟ್ಟ ರಿಯಾಯ್ತಿ ಕೊಡಲ್ಲ ಅನ್ನೋದಕ್ಕೆ ಹೇಳ್ತಿದೀನಿ.

ಇನ್ನು ಕಾಗದಪತ್ರ. ಗೋಮುಖದ ದಾರಿ ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತೆ. ದಿನಕ್ಕೆ 150 ಜನರಿಗೆ ಮಾತ್ರ ಅನುಮತಿ. ಅರಣ್ಯ ಇಲಾಖೆಯ ಪರ್ಮಿಟ್ ಮೊದಲು ಮಾಡಿಸಿ, ಆಮೇಲೆ ರೈಲು, ವಿಮಾನ ಬುಕ್ ಮಾಡಿ. ಜನ ಉಲ್ಟಾ ಮಾಡ್ತಾರೆ. ಚಾರ್‌ಧಾಮ್ ಯಾತ್ರೆಯ ನೋಂದಣಿ ಬೇರೆ, ಅದನ್ನೂ ಮಾಡಿಸ್ಬೇಕು. ಟ್ರಾವೆಲ್ ಇನ್ಶೂರೆನ್ಸ್ ಇದ್ರೆ ಸಣ್ಣ ಅಕ್ಷರ ಓದಿ. ಎಷ್ಟೋ ಪಾಲಿಸಿಗಳಲ್ಲಿ ಎತ್ತರದ ಮಿತಿ ಇರುತ್ತೆ. ಬಿಪಿ, ಹೃದಯ, ಆಸ್ತಮಾ ಇದ್ದೋರು ಒಂದು ತಿಂಗಳು ಮೊದಲೇ ಡಾಕ್ಟರ್ ಹತ್ರ ಹೋಗಿ. ಡೈಮಾಕ್ಸ್ ಮಾತ್ರೆ ವಾಟ್ಸಾಪ್ ನೋಡಿ ನುಂಗೋದಲ್ಲ, ಡಾಕ್ಟರ್ ಕೇಳಿ ತಗೊಳ್ಳೋದು.

ನಡೆಯೋ ದಿನ ಬೆಳಗ್ಗೆ ಬೇಗ ಹೊರಡಿ. ಚೀಡ್‌ಬಾಸಾ ದಾಟಿದ ಮೇಲೆ ಕಲ್ಲು ಉರುಳೋ ಜಾಗ ಇದೆ. ಮಧ್ಯಾಹ್ನ ಗಾಳಿ ಎದ್ದರೆ ಮೇಲಿಂದ ಕಲ್ಲು ಬರ್ತವೆ. ಅಲ್ಲಿ ನಿಂತು ಸೆಲ್ಫಿ ಬೇಡ. ಗಂಗೋತ್ರಿ ದಾಟಿದ ಮೇಲೆ ಫೋನ್ ನಂಬ್ಕೋಬೇಡಿ. ಯಾವತ್ತು ವಾಪಸ್ ಬರ್ತೀವಿ ಅಂತ ಮನೆಯವರಿಗೆ, ಗಂಗೋತ್ರಿಯ ಲಾಡ್ಜಿನವರಿಗೆ ಹೇಳಿ ಹೋಗಿ.

ಗೋಮುಖ ತಲುಪಿದ ಮೇಲೂ ಬಾಯಿಯಿಂದ ದೂರ ನಿಲ್ಲಿ. ಅದು ದೇವಸ್ಥಾನದ ಕಲ್ಲಿನ ಬಾಗಿಲಲ್ಲ. 1935ರಲ್ಲಿ ಭೂವಿಜ್ಞಾನಿ ಜೆ. ಬಿ. ಆಡನ್ ಅದರ ನಕ್ಷೆ ಮಾಡಿದ್ದರು. ಅಲ್ಲಿಂದ ಈಚೆಗೆ ಹಿಮನದಿ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಸರಿಯೋದು ಅಂದ್ರೆ ಕರಗೋದು, ಒಡೆಯೋದು, ಕಳಚಿ ಬೀಳೋದು. ಬಿಸಿಲೇರಿದ ಹಾಗೆ ಮನೆಯಷ್ಟು ದೊಡ್ಡ ಮಂಜುಗಡ್ಡೆ ಬೀಳಬಹುದು. ಅದರ ಕೆಳಗೆ ಸ್ನಾನಕ್ಕೆ ಇಳಿಯೋ ಆಸೆ ಬಿಟ್ಟುಬಿಡಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 2023ರ ಸೆಪ್ಟೆಂಬರ್‌ನಲ್ಲಿ ನಾವು ಏಳು ಜನ ಹೋದ್ವಿ. ಜೊತೆಗೆ ನನ್ನ ಸೋದರತ್ತೆ, 64 ವರ್ಷ, ಮತ್ತೆ ಅವರ ಮಗ. ಮಾವ ಹೋಗಿ ಎರಡು ವರ್ಷ ಆಗಿತ್ತು. ಇಬ್ಬರೂ ಸೇರಿ ಗೋಮುಖ ನೋಡಬೇಕು ಅಂತ ಮೂವತ್ತು ವರ್ಷದಿಂದ ಅಂದ್ಕೊಂಡಿದ್ದರು. ಹೊರಡೋ ಮೊದಲು ಪುಣೆಯಲ್ಲಿ ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರ್ಕೊಂಡ್ವಿ: ತಲೆನೋವಿನ ಜೊತೆ ವಾಂತಿ ಬಂದರೆ ಅವರು ಮೇಲೆ ಹೋಗೋ ಹಾಗಿಲ್ಲ. ಕೂತಲ್ಲೇ ಏದುಸಿರು ಬಂದರೆ, ಅಥವಾ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯೋಕೆ ಆಗದಿದ್ದರೆ, ರಾತ್ರಿಯಾದ್ರೂ ಸರಿ, ಕೆಳಗೆ ಇಳಿಸೋದು. ಯಾರು ವಾಪಸಾದ್ರೂ ಒಬ್ಬರು ಜೊತೆಗೆ ಇರಬೇಕು, ಯಾರು ಅಂತಲೂ ಹೆಸರು ಬರೆದಿದ್ವಿ. ಏಳೂ ಜನ ಸಹಿ ಹಾಕಿದ್ವಿ.

ಗಂಗೋತ್ರಿಯ ಎರಡನೇ ರಾತ್ರಿ ಅತ್ತೆಗೆ ತಲೆನೋವು. ಎರಡು ಸಲ ವಾಂತಿ. "ನಂಗೇನಾಗೇದ? ಬಸ್ಸಿನ ದಣಿವು ಅಷ್ಟ. ಮುಂಜಾನೆ ಎಲ್ಲಾ ಸರಿ ಆಗ್ತದ" ಅಂದ್ರು. ಬೆಳಗ್ಗೆ ಎದ್ದಾಗ ವಾಂತಿ ನಿಂತಿತ್ತು, ತಲೆನೋವು ಇತ್ತು. ನಾನು ಹಾಳೆ ತೆಗೆದೆ. "ಕಾಗದಾ ತೋರಸಬ್ಯಾಡ ನಂಗ. ಮೂವತ್ ವರ್ಷ ಕಾದು ಇಲ್ಲಿಂದ ವಾಪಸ್ ಹೋಗ್ಲೇನು?" ಅಂದ್ರು. ಲಾಡ್ಜಿನ ಮೆಟ್ಟಿಲ ಮೇಲೆ ಎಲ್ಲರೂ ಸುಮ್ಮನೆ ನಿಂತಿದ್ವಿ. ಆ ಹೊತ್ತಲ್ಲಿ ಓಟು ಹಾಕಿಸಿದ್ದರೆ ಅವರನ್ನ ಕರ್ಕೊಂಡೇ ಹೋಗ್ತಿದ್ವಿ. ನನ್ನ ಓಟೂ ಅದಕ್ಕೇ ಬೀಳ್ತಿತ್ತು. ಆದರೆ ಓಟು ಪುಣೆಯಲ್ಲೇ ಮುಗಿದಿತ್ತು. ಅವರ ಮಗ ಏನೂ ಮಾತಾಡದೆ ತನ್ನ ರಕ್‌ಸ್ಯಾಕ್ ಇಳಿಸಿದ. ಇಬ್ಬರೂ ಅವತ್ತೇ ಹರ್ಸಿಲ್‌ಗೆ ಇಳಿದ್ರು. ಸಂಜೆಗೆ ತಲೆನೋವು ಹೋಯ್ತಂತೆ. ನಾವು ಐದು ಜನ ಗೋಮುಖ ನೋಡಿ ಬಂದ್ವಿ. ಅತ್ತೆ ಗಂಗೋತ್ರಿಯ ಘಾಟ್‌ನಲ್ಲೇ ತಂಬಿಗೆಗೆ ನೀರು ತುಂಬ್ಕೊಂಡಿದ್ದರು. ದೆಹಲಿ ತನಕ ನನ್ನ ಜೊತೆ ಮಾತಾಡಲಿಲ್ಲ.

ಇವತ್ತಿಗೂ "ನಾ ಹೋಗಬಹುದಿತ್ತು" ಅಂತಾರೆ. ಇರಬಹುದು. ಅವರ ಮಾತು ಸುಳ್ಳು ಅಂತ ನನ್ನಿಂದ ಹೇಳೋಕಾಗಲ್ಲ. ಮೇಲೆ ಹೋಗಿ ಅನಾಹುತ ಆದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಮೊದಲೇ ಇಳಿದ್ರೆ ಏನು ತಪ್ಪಿತು ಅನ್ನೋದು ಯಾರಿಗೂ ಕಾಣಲ್ಲ. ವಾಪಸ್ ಬಂದ ನಿರ್ಧಾರಕ್ಕೆ ಸಾಕ್ಷಿ ಸಿಗಲ್ಲ, ಅದಕ್ಕೆ ಯಾರೂ ಹಾರ ಹಾಕಲ್ಲ, ಉಲ್ಟಾ ಬೈಗುಳ ಸಿಗುತ್ತೆ. ಅದಕ್ಕೇ ಅಲ್ಲಿ, ಆ ಚಳಿಯಲ್ಲಿ, ಆ ಆಸೆ ತುಂಬಿದ ಮುಖ ನೋಡ್ತಾ ಅದನ್ನ ಯೋಚಿಸೋಕೆ ಆಗಲ್ಲ. ಮನೆಯಲ್ಲಿ, ತಲೆ ತಣ್ಣಗಿರೋವಾಗ ಯೋಚಿಸಬೇಕು.

ಹಾಗಾಗಿ ನೀವು ಗೋಮುಖಕ್ಕೆ ಹೋಗಿ, ಪಿಂಡಾರಿಗೆ ಹೋಗಿ, ಝನ್ಸ್ಕಾರ್‌ನ ದ್ರಂಗ್‌ದ್ರುಂಗ್‌ಗೆ ಹೋಗಿ, ಬೂಟು ಕೊಳ್ಳೋ ಮೊದಲು ಒಂದು ಹಾಳೆ ತಗೊಳ್ಳಿ. ಮೂರು ಸಾಲು ಬರೀರಿ. ಏನಾದ್ರೆ ನಿಲ್ತೀವಿ. ಏನಾದ್ರೆ ಇಳೀತೀವಿ. ಇಳಿಯೋರ ಜೊತೆ ಯಾರು ಬರ್ತಾರೆ. ಎಲ್ಲರ ಸಹಿ ಹಾಕಿಸಿ. ಸಹಿ ಹಾಕೋಕೆ ಯಾರು ಹಿಂಜರೀತಾರೋ ಅವರ ಜೊತೆ ಆವತ್ತೇ ಕೂತು ಮಾತಾಡಿ, ಗಂಗೋತ್ರಿಯ ಮೆಟ್ಟಿಲ ತನಕ ಅದನ್ನ ಎಳ್ಕೊಂಡು ಹೋಗಬೇಡಿ.

ಪರ್ಮಿಟ್ ಬಗ್ಗೆ, ದಿನಗಳ ಲೆಕ್ಕದ ಬಗ್ಗೆ ಏನಾದ್ರೂ ಕೇಳೋದಿದ್ರೆ ಈಗ ಕೇಳಿ.