ಚಿಮಣಿಯ ಇಂಗಾಲಾಮ್ಲ: ಹಿಡಿಯುವ ವೆಚ್ಚ, ಉಳಿಯುವ ಲಾಭ

ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಹೋಗುವ ದಾರಿಯಲ್ಲಿ ಹಂಗಳವೆಂಬ ಗ್ರಾಮವಿದೆ. ಅಲ್ಲಿಯ ರೈತನು ಹೊಲಕ್ಕೆ ಚೆಲ್ಲುವ ಯೂರಿಯಾದ ಬಿಳಿಯ ಕಾಳಿನಲ್ಲಿ, ಕಾರ್ಖಾನೆಯ ಅನಿಲದಿಂದ ಬೇರ್ಪಡಿಸಿದ ಇಂಗಾಲಾಮ್ಲ ವಾಯುವು ಅಡಗಿದೆಯೆಂದರೆ ಶ್ರೋತೃಗಳಿಗೆ ಸೋಜಿಗವಾಗಬಹುದು. ಇಂದು ಇಂಗಾಲದ ಡೈ ಆಕ್ಸೈಡ್ ಎಂದು ಹೆಸರಾದ, ಭೂಮಿಯ ತಾಪವನ್ನು ಏರಿಸುತ್ತಿರುವ ವಾಯುವೇ ಇದು. ಇದನ್ನು ಚಿಮಣಿಯಲ್ಲಿಯೇ ಹಿಡಿಯಬಾರದೇಕೆ? ಹಿಡಿಯಬಹುದು, ಎಷ್ಟು ವೆಚ್ಚದಲ್ಲಿ, ನಿಜವಾಗಿ ಎಷ್ಟನ್ನು ಎಂಬುದೇ ವಿಚಾರಾರ್ಹ.

ಮಾರ್ಗವು ಹೊಸದಲ್ಲ. 1930ರಲ್ಲಿಯೇ ಅಮೆರಿಕದ ಬಾಟಮ್ಸ್ ಎಂಬಾತನು ಅಮೀನ್ ದ್ರವದ ವಿಧಾನಕ್ಕೆ ಪೇಟೆಂಟ್ ಪಡೆದನು. ಈ ದ್ರವವು ತಂಪಾಗಿರುವಾಗ ಇಂಗಾಲಾಮ್ಲವನ್ನು ಹೀರುತ್ತದೆ. ಸುಮಾರು 120 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಡುತ್ತದೆ. ವೆಚ್ಚದ ಬಹುಭಾಗ ಈ ಕಾಯಿಸುವಿಕೆಯಲ್ಲಿದೆ.

ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ಯೂರಿಯಾ ತಯಾರಾಗುತ್ತಿದೆ. ಅಮೋನಿಯಾಕ್ಕೆ ಬೇಕಾದ ಜಲಜನಕದೊಡನೆ ಇಂಗಾಲಾಮ್ಲವೂ ಹುಟ್ಟುತ್ತದೆ. ಅದನ್ನು ತೆಗೆಯದೆ ಗತ್ಯಂತರವಿಲ್ಲ. ಆ ಅನಿಲವು ಒತ್ತಡದಲ್ಲಿರುವುದರಿಂದ ಕೆಲಸ ಸುಲಭ. ರಾಯಚೂರಿನಂತಹ ವಿದ್ಯುದಾಗಾರಗಳ ಕಲ್ಲಿದ್ದಲಿನ ಹೊಗೆಯಾದರೋ ಹಾಗಲ್ಲ. ಅದರಲ್ಲಿ ಇಂಗಾಲಾಮ್ಲವು ನೂರಕ್ಕೆ ಹನ್ನೆರಡು ಹದಿನಾಲ್ಕು ಪಾಲು ಮಾತ್ರ, ಒತ್ತಡವಿಲ್ಲ, ಗಂಧಕದ ಅನಿಲಗಳು ದ್ರವವನ್ನು ಕೆಡಿಸುತ್ತವೆ.

ನೆರೆಯ ತೂತ್ತುಕುಡಿಯ ಸೋಡಾ ಕಾರ್ಖಾನೆಯಲ್ಲಿ 2016ರಲ್ಲಿ ಕಲ್ಲಿದ್ದಲ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿಯುವ ಏರ್ಪಾಡಾಯಿತು. ಟನ್ನಿಗೆ ಸುಮಾರು 30 ಡಾಲರ್ ತಗಲುವುದೆಂದು ಯಂತ್ರ ಒದಗಿಸಿದವರು ಹೇಳಿಕೊಂಡರು. ಇಂತಹ ಅಂಕಿಯನ್ನು ಕೇಳಿದೊಡನೆ ಎರಡು ಪ್ರಶ್ನೆಗಳನ್ನು ಹಾಕಬೇಕು.

ಮೊದಲನೆಯದು, ಶಾಖವು ಎಲ್ಲಿಂದ ಬಂದಿತು? ಸಾಮಾನ್ಯ ಅಮೀನ್ ವಿಧಾನದಲ್ಲಿ ಟನ್ನಿಗೆ ಮೂರೂವರೆ ಗಿಗಾಜೂಲ್‌ನಷ್ಟು ಶಾಖ ಬೇಕು. ಅದಕ್ಕಾಗಿ ಬೇರೆ ಕಲ್ಲಿದ್ದಲನ್ನು ಉರಿಸಿದರೆ ಸುಮಾರು 330 ಕಿಲೋ ಇಂಗಾಲಾಮ್ಲ ಹೊಸದಾಗಿ ಹುಟ್ಟುತ್ತದೆ. ಜಮೆಯಲ್ಲಿ ಒಂದು ಟನ್. ಖರ್ಚು ಕಳೆದರೆ ಮೂರರಲ್ಲಿ ಎರಡು ಪಾಲು.

ಎರಡನೆಯದು, ಹಿಡಿದದ್ದು ಎಲ್ಲಿಗೆ ಹೋಯಿತು? 60 ಟನ್ ಯೂರಿಯಾಕ್ಕೆ 44 ಟನ್ ಇಂಗಾಲಾಮ್ಲ ಸೇರುತ್ತದೆ. ಆದರೆ ಹಂಗಳದ ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಒಡೆದು, ಸಾರಜನಕವನ್ನು ಬೆಳೆಗೆ ಒದಗಿಸಿ, ಇಂಗಾಲಾಮ್ಲದ ಬಹುಪಾಲನ್ನು ಗಾಳಿಗೆ ಮರಳಿಸುತ್ತದೆ. ಗೊಬ್ಬರವಾಗಿ ಅದು ಸಾರ್ಥಕವೇ. ಆದರೆ ಆಕಾಶದ ಋಣ ತೀರಲಿಲ್ಲ. ಆ ವಾಯುವನ್ನು ನೆಲದಾಳದ ಶಿಲೆಗಳಲ್ಲಿ ಶಾಶ್ವತವಾಗಿ ಇರಿಸಬೇಕಾದರೆ ಒತ್ತುವ, ಸಾಗಿಸುವ, ಕಾಯುವ ವೆಚ್ಚಗಳು ಬೇರೆ.

ಆದಕಾರಣ ಕಾಕಂಬಿಯ ಹುಳಿಯುವಿಕೆಯಂತೆ ಶುದ್ಧಪ್ರಾಯವಾದ ವಾಯು ದೊರೆಯುವೆಡೆ, ವ್ಯರ್ಥವಾಗುವ ಶಾಖ ಸಿಗುವೆಡೆ ಈ ಕಾರ್ಯವನ್ನು ಮೊದಲು ಕೈಗೊಳ್ಳುವುದು ಯುಕ್ತ. ಹಿಡಿದ ಟನ್ನುಗಳನ್ನಲ್ಲ, ಗಾಳಿಗೆ ಮರಳದೆ ಉಳಿದ ಟನ್ನುಗಳನ್ನು ಎಣಿಸಿದಾಗಲೇ ಈ ಲೆಕ್ಕ ನೆಟ್ಟಗಾಗುವುದು.